ಮೂರಕ್ಷರದ ಹಿಂದಿನ ನೀಲಿ ರಕ್ತ

ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಗೆಳೆಯನೊಬ್ಬ ಫ್ರಿಜ್ಜಿನಿಂದ ಹೆಬ್ಬೆರಳುದ್ದದ ಸೀಸೆ ತೆಗೆದು ತೋರಿಸಿದ. ತಳದಲ್ಲಿ ಚಿಟಿಕೆ ಬೂದುನೀಲಿ ಪುಡಿ, ಮೇಲೆ ‘ಕೆಎಲ್‌ಎಚ್’ ಎಂಬ ಚೀಟಿ. ಏನಿದು ಎಂದರೆ, ‘ಯಾವುದೋ ಕಡಲ ಬಸವನಹುಳುವಿನ ರಕ್ತವಂತೆ’ ಎಂದ. ಆ ‘ಯಾವುದೋ’ ನನಗೆ ನೋವು ತಂದಿತು.

ಅದು ಜೈಂಟ್ ಕೀಹೋಲ್ ಲಿಂಪೆಟ್. ವಿಜ್ಞಾನಿಗಳಿಟ್ಟ ಹೆಸರು ಮೆಗಾಥುರಾ ಕ್ರೆನ್ಯುಲಾಟಾ. ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯಿಂದ ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾದವರೆಗಿನ ಕಲ್ಲುದಂಡೆಯಲ್ಲಿ, ಕಡಲಪಾಚಿಯ ಕಾಡುಗಳಲ್ಲಿ ಅದರ ವಾಸ. 13 ಸೆಂ.ಮೀ.ವರೆಗೂ ಬೆಳೆಯುತ್ತದೆ. ಕಪ್ಪು ಇಲ್ಲವೇ ಬೂದು ಬಣ್ಣದ ಮೆತ್ತನೆಯ ಹೊದಿಕೆ ಚಿಪ್ಪನ್ನು ಹೆಚ್ಚುಕಡಿಮೆ ಪೂರ್ತಿ ಮುಚ್ಚಿರುವುದರಿಂದ ಬಂಡೆಗಂಟಿದ ಒದ್ದೆ ಮುದ್ದೆಯಂತೆ ಕಾಣುತ್ತದೆ. ಮಗುಚಿದರೆ ಹಳದಿ ಪಾದ. ನೆತ್ತಿಯ ಮೇಲೊಂದು ತೂತು. ಅಂಚಿನಿಂದ ಒಳಬಂದ ನೀರು ಕಿವಿರುಗಳನ್ನು ತೊಳೆದು, ಕಸವನ್ನೂ ಹೊತ್ತು ಆ ತೂತಿನಿಂದ ಹೊರಬೀಳುತ್ತದೆ. ಈ ವಂಶದ ಮರಿಗಳಲ್ಲಿ ಮೊದಲು ತೂತಿರುವುದಿಲ್ಲ, ಚಿಪ್ಪಿನ ಅಂಚಿನಲ್ಲೊಂದು ಸೀಳು ಇರುತ್ತದೆ. ಚಿಪ್ಪು ಬೆಳೆಯುತ್ತಾ ಸೀಳಿನ ಬಾಯಿ ಕೂಡಿಕೊಂಡು ತೂತು ಉಳಿಯುತ್ತದೆ. ಆ ಕರಾವಳಿಯ ಚುಮಾಶ್ ಜನ ಈ ಚಿಪ್ಪಿನಿಂದ ಬಳೆಯಂಥ ಆಭರಣ ಮಾಡಿಕೊಳ್ಳುತ್ತಿದ್ದರು.

ಇನ್ನು ರಕ್ತ. ನಮ್ಮಲ್ಲಿ ಕಬ್ಬಿಣ ಮಾಡುವ ಕೆಲಸವನ್ನು ಇದರಲ್ಲಿ ತಾಮ್ರ ಮಾಡುತ್ತದೆ. ಆಮ್ಲಜನಕ ತಾಗಿದೊಡನೆ ರಕ್ತ ನೀಲಿಯಾಗುತ್ತದೆ. ಅದರ ಹಿಮೊಸಯನಿನ್ ಎಂಬ ಪ್ರೋಟೀನೇ ಸೀಸೆಯಲ್ಲಿದ್ದ ಪುಡಿ: ಕೀಹೋಲ್ ಲಿಂಪೆಟ್ ಹಿಮೊಸಯನಿನ್, ಚಿಕ್ಕದಾಗಿ ಕೆಎಲ್‌ಎಚ್. ಅದು ಸುಮಾರು 80 ಲಕ್ಷ ಡಾಲ್ಟನ್ ತೂಗುವ ದೈತ್ಯ; ನಮ್ಮ ಹಿಮೊಗ್ಲೋಬಿನ್ ತೂಕ 64 ಸಾವಿರದಷ್ಟೇ. ಮನುಷ್ಯನ ದೇಹಕ್ಕೆ ಇಷ್ಟು ದೊಡ್ಡ, ಇಷ್ಟು ಅಪರಿಚಿತ ವಸ್ತು ಹೊಕ್ಕರೆ ರೋಗನಿರೋಧಕ ಪಡೆ ಸುಮ್ಮನಿರುವುದಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ ಪ್ರಸಂಗ 1974ರದ್ದು. ಅಮೆರಿಕದ ಮೂತ್ರರೋಗ ತಜ್ಞ ಕಾರ್ಲ್ ಓಲ್ಸನ್ ಮತ್ತು ಜೊತೆಗಾರರು ಮೂತ್ರಕೋಶದ ಕ್ಯಾನ್ಸರ್ ರೋಗಿಗಳ ನಿರೋಧಕ ಶಕ್ತಿ ಎಷ್ಟಿದೆಯೆಂದು ಅಳೆಯಲು ಕೆಎಲ್‌ಎಚ್ ಚುಚ್ಚಿ ನೋಡಿದ್ದರು. ಅದು ಚಿಕಿತ್ಸೆಯಾಗಿರಲಿಲ್ಲ, ಬರೀ ಪರೀಕ್ಷೆ. ಆಮೇಲೆ ಲೆಕ್ಕ ಹಾಕಿದಾಗ, ಚುಚ್ಚಿಸಿಕೊಂಡ 9 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಗಡ್ಡೆ ಮರುಕಳಿಸಿತ್ತು. ಚುಚ್ಚಿಸಿಕೊಳ್ಳದ 10 ಮಂದಿಯಲ್ಲಿ 7 ಮಂದಿಗೆ. ಅಳತೆಗೋಲೆಂದು ಎತ್ತಿಕೊಂಡದ್ದೇ ಮದ್ದಿನ ಸುಳಿವು ಕೊಟ್ಟಿತ್ತು!

ಹತ್ತೊಂಬತ್ತು ಮಂದಿಯ ಲೆಕ್ಕ ಚಿಕ್ಕದು, ನಿಜ. 1976ರಲ್ಲಿ ಕೆನಡಾದ ವೈದ್ಯ ಅಲ್ವಾರೊ ಮೊರಾಲಿಸ್ ಅದೇ ರೋಗಕ್ಕೆ ಕ್ಷಯದ ಲಸಿಕೆ ಬಿಸಿಜಿ ಬಳಸಿದ ಫಲ ಪ್ರಕಟಿಸಿದರು, ವೈದ್ಯಲೋಕ ಅತ್ತ ಹೊರಳಿತು. 2012ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯೊಂದರಲ್ಲಿ ಕೆಎಲ್‌ಎಚ್‌ಗಿಂತ ಮೈಟೊಮೈಸಿನ್ ಔಷಧವೇ ಮೇಲೆಂದು ಕಂಡಿತು. ಆದರೂ ಪ್ರಯೋಗಾಲಯಗಳು ಅದನ್ನು ಬಿಡಲಿಲ್ಲ. ದೇಹ ಲೆಕ್ಕಕ್ಕಿಡದ ಪುಟ್ಟ ಅಣುವನ್ನು ಈ ದೈತ್ಯನ ಬೆನ್ನಿಗೆ ಕಟ್ಟಿ ಕಳಿಸಿದರೆ ಪ್ರತಿಕಾಯ ಹುಟ್ಟುತ್ತದೆ. ಎಷ್ಟೋ ಪ್ರತಿಕಾಯಗಳು, ಪ್ರಾಯೋಗಿಕ ಲಸಿಕೆಗಳು ಹೀಗೆ ತಯಾರಾಗಿವೆ.

ಇಷ್ಟು ಕೊಟ್ಟ ಜೀವಿಯನ್ನು ಹಿಂದೆಲ್ಲ ಕಡಲಿನಿಂದ ಹಿಡಿದು ತಂದು, ಕೊಂದೇ ರಕ್ತ ಬಸಿಯುತ್ತಿದ್ದರು. ಚೀಟಿಯ ಮೂರಕ್ಷರದಲ್ಲಿ ಆ ಸಾವಿನ ಗುರುತೇ ಇಲ್ಲ. ಇದನ್ನು ಬದಲಿಸಹೊರಟವರು ಕ್ಯಾಲಿಫೋರ್ನಿಯಾದ ಪೋರ್ಟ್ ವೈನೀಮಿಯ ಫ್ರ್ಯಾಂಕ್ ಓಕ್ಸ್. ಸಮುದ್ರದ ನೀರು ಹರಿಸಿದ ತೊಟ್ಟಿಗಳಲ್ಲಿ ಮೊಟ್ಟೆಯಿಂದಲೇ ಲಿಂಪೆಟ್ ಸಾಕುವುದನ್ನು ಅವರ ಸಂಸ್ಥೆ ರೂಢಿಸಿತು, ಕೊಲ್ಲದೆ ಸೂಜಿಯಿಂದ ರಕ್ತ ತೆಗೆಯುವುದನ್ನೂ. ರಕ್ತ ಕೊಟ್ಟ ಲಿಂಪೆಟ್ ಮತ್ತೆ ತೊಟ್ಟಿಗೆ ಸೇರಿ, ಹಳದಿ ಪಾದ ಊರಿ, ಪಾಚಿ ಕೆರೆಯುತ್ತದೆ.