ಕಲ್ಲಿಗೆ ಬಂದ ಕೈಬರಹ

ಜುಲೈ 1ರ ಪತ್ರಿಕಾ ದಿನದಂದು ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ದ ಹೆಸರು ಪ್ರತಿ ವೇದಿಕೆಯಲ್ಲೂ ಕೇಳಿಬರುತ್ತದೆ. 1843, ಹೆರ್ಮನ್ ಮೊಗ್ಲಿಂಗ್, ಬಾಸೆಲ್ ಮಿಶನ್ ಎಂಬಷ್ಟು ನಮಗೆಲ್ಲ ಬಾಯಿಪಾಠ. ಆದರೆ ಆ ಪುಟವನ್ನು ಚಿತ್ರ ನೋಡುವ ಹಾಗೆ ನೋಡಿದವರು ಕಡಿಮೆ. ನೋಡಿದರೆ ತಿಳಿಯುತ್ತದೆ, ಅಲ್ಲಿ ಅಚ್ಚುಮೊಳೆಯೇ ಇಲ್ಲ. ಯಾರೋ ಕುಳಿತು ಬರೆದ ಕೈಬರಹವೇ ಕಾಗದಕ್ಕೆ ಇಳಿದಿದೆ.

ಇದು ಕಲ್ಲಚ್ಚು. ಬವೇರಿಯಾದ ಅಲೋಯ್ಸ್ ಸೆನೆಫೆಲ್ಡರ್ 1790ರ ದಶಕದಲ್ಲಿ ಕಂಡುಕೊಂಡ ಈ ಉಪಾಯ ಎಣ್ಣೆಗೂ ನೀರಿಗೂ ಇರುವ ಹಗೆಯ ಮೇಲೆ ನಿಂತಿದೆ. ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರೆದು, ಕಲ್ಲನ್ನು ಹದಗೊಳಿಸಿ, ಒದ್ದೆ ಮಾಡಿ, ಮಸಿಯ ಉರುಳೆ ಓಡಿಸಿದರೆ ಮಸಿ ಬರಹಕ್ಕೆ ಮಾತ್ರ ಅಂಟುತ್ತದೆ; ಒದ್ದೆ ಜಾಗ ಅದನ್ನು ಒಲ್ಲೆನ್ನುತ್ತದೆ. ಮೇಲೆ ಕಾಗದವಿಟ್ಟು ಒತ್ತಿದರೆ ಪ್ರತಿ ಸಿದ್ಧ. ಕಲ್ಲಿನ ಮೇಲೆ ನೇರವಾಗಿ ಬರೆಯುವವನು ಮಾತ್ರ ಕನ್ನಡಿಯಲ್ಲಿ ಕಂಡಂತೆ ತಿರುಗಾಮುರುಗಾ ಬರೆಯಬೇಕು. ಇಲ್ಲವೇ ವಿಶೇಷ ಕಾಗದದ ಮೇಲೆ ಬರೆದು ಕಲ್ಲಿಗೆ ಇಳಿಸಬೇಕು.

ಮಂಗಳೂರಿನ ಬಲ್ಮಠದಲ್ಲಿ 1841ರಲ್ಲಿ ಶುರುವಾದ ಮಿಶನ್ ಅಚ್ಚುಕೂಟಕ್ಕೆ ಕಲ್ಲು ಒಗ್ಗಿದ್ದರಲ್ಲಿ ಆಶ್ಚರ್ಯವಿಲ್ಲ. ಕನ್ನಡದ ಕಾಗುಣಿತ, ಒತ್ತಕ್ಷರಗಳಿಗೆಲ್ಲ ಸೀಸದ ಮೊಳೆ ಎರಕಹೊಯ್ಯುವುದೆಂದರೆ ನೂರಾರು ಮೊಳೆಗಳ ಮಾತು. ಕಲ್ಲಿಗೆ ಲೇಖಕನೊಬ್ಬನ ಕೈ ಸಾಕು. 1848ರಿಂದ ಮೊಗ್ಲಿಂಗ್ ಹೊರತಂದ ‘ಬಿಬ್ಲಿಯೋಥೆಕಾ ಕರ್ನಾಟಿಕಾ’ ಮಾಲೆಯ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಕಲ್ಲಿನಿಂದಲೇ ಬಂದವು. 1850ರ ದಶಕದಲ್ಲಿ ಮೊಳೆಗಳು ಬಂದ ಮೇಲೆ ಅಕ್ಷರಗಳು ಶಿಸ್ತಿನ ಸಿಪಾಯಿಗಳಾದವು. ನನಗೇನೋ ಹಳೆಯದೇ ಇಷ್ಟ. ಸಾಲಿನ ಕೊನೆಗೆ ಜಾಗ ಸಾಲದೆ ಕಿರಿದಾದ ಅಕ್ಷರ, ಲೇಖನಿ ಒತ್ತಿದಲ್ಲಿ ದಪ್ಪಗಾದ ಗೆರೆ ಇವೆಲ್ಲ ಕಲ್ಲಚ್ಚಿನಲ್ಲಿ ಹಾಗೇ ಉಳಿಯುತ್ತವೆ. ಬರೆಸಿದವರ ಹೆಸರು ನಮಗೆ ಗೊತ್ತು; ಬರೆದ ಕೈಯ ಗುರುತು ಉಳಿದಿರುವುದು ಆ ವಕ್ರಗೆರೆಗಳಲ್ಲಿ.

ಯುರೋಪಿನ ಸಂಗ್ರಾಹಕರು ಜರ್ಮನ್ ಕಲಾವಿದ ಡ್ಯೂರರ್‌ನ ಅಚ್ಚುಗಳನ್ನು ನೋಡುವುದೂ ಹೀಗೆಯೇ. ಅವನ 1515ರ ‘ಘೇಂಡಾಮೃಗ’ಕ್ಕೆ ನಮ್ಮ ಪಶ್ಚಿಮ ಕರಾವಳಿಯ ನಂಟಿದೆ. ಗುಜರಾತಿನ ಸುಲ್ತಾನ ಕೊಟ್ಟ ಪ್ರಾಣಿ ಗೋವಾದಿಂದ ಹಡಗೇರಿ ಲಿಸ್ಬನ್ ಸೇರಿತು. ಡ್ಯೂರರ್ ಅದನ್ನು ಕಣ್ಣಾರೆ ಕಾಣದೆ, ವರ್ಣನೆ ಮತ್ತು ರೇಖಾಚಿತ್ರ ನಂಬಿ, ಕವಚ ತೊಟ್ಟ ಪ್ರಾಣಿಯನ್ನು ಬಿಡಿಸಿದ. ಮರದಚ್ಚು ಅವನ ಕಾಲಾನಂತರವೂ ಮುದ್ರಣದಲ್ಲಿತ್ತು. ಮರ ಬಿರುಕು ಬಿಟ್ಟಾಗ ಬಿರುಕೂ ಅಚ್ಚಾಯಿತು. ಪ್ರತಿ ಹಳೆಯದೋ ತಡವಾದದ್ದೋ ಎಂದು ಬಲ್ಲವರು ಹೇಳುವುದಕ್ಕೆ ಆ ಬಿರುಕೂ ಒಂದು ಸಾಕ್ಷಿ.

ನಮ್ಮ ಮನೆಗಳಿಗೆ ಬಂದದ್ದು ರವಿವರ್ಮನ ಲಕ್ಷ್ಮಿ, ಸರಸ್ವತಿ. 1894ರಲ್ಲಿ ಮುಂಬಯಿಯಲ್ಲಿ ಶುರುವಾದ ಅವನ ಅಚ್ಚುಕೂಟ ಬಣ್ಣಕ್ಕೊಂದು ಕಲ್ಲಿಟ್ಟು ಮುದ್ರಿಸುತ್ತಿತ್ತು. ಅಟ್ಟದ ಮೇಲೆ ಅಂಥದ್ದು ಸಿಕ್ಕಿದರೆ ಭೂತಗನ್ನಡಿ ಹಿಡಿಯಿರಿ. ಚುಕ್ಕಿಗಳು ಒಂದೇ ಅಂತರದಲ್ಲಿ ಜಾಲರಿಯಂತೆ ಸಾಲುಗಟ್ಟಿದ್ದರೆ ಅದು ಈಚಿನ ಆಫ್‌ಸೆಟ್ ಪ್ರತಿ. ಚುಕ್ಕಿಗಳು ಚೆಲ್ಲಾಪಿಲ್ಲಿಯಾಗಿ, ಒಂದು ದಪ್ಪ ಒಂದು ಸಣ್ಣ ಎಂಬಂತಿದ್ದರೆ ಕಲ್ಲಚ್ಚೆಂದು ಆಸೆಪಡಬಹುದು.

ಆದರೆ ಮಂಗಳೂರಿನ ಆಟಿ ತಿಂಗಳು ಕಾಗದಕ್ಕೆ ಶತ್ರು. ನಮ್ಮ ಚಾವಡಿಯ ಸರಸ್ವತಿಯ ಮುಖ ಗಾಜಿಗೇ ಅಂಟಿಕೊಂಡದ್ದು ನಾಲ್ಕು ಮಳೆಗಾಲ ಕಳೆದ ಮೇಲೆ ಗೊತ್ತಾಯಿತು. ಬಿಡಿಸಹೋದ ನಾನು ಕೆನ್ನೆಯ ಬಣ್ಣ ಕಿತ್ತೆ. ಗಾಜಿಗೂ ಚಿತ್ರಕ್ಕೂ ನಡುವೆ ಸುತ್ತಲೂ ರಟ್ಟಿನ ಅಂಚಿಟ್ಟು ಸಂದು ಬಿಡಬೇಕಂತೆ. ಈಗ ಅವಳು ಒಳಗೋಡೆಯ ಮೇಲಿದ್ದಾಳೆ, ಒಂದು ಕೆನ್ನೆ ಬಿಳಿಚಿಕೊಂಡು.