ಗಂಟು ಕರಗಿತೋ, ನೋವು ಇಳಿಯಿತೋ?

ಖಾರಘರ ಸ್ಟೇಶನ್ನಿನಿಂದ ಉತ್ಸವ ಚೌಕದ ಕಡೆಗೆ ರಿಕ್ಷಾದಲ್ಲಿ ಹೋಗುವಾಗ ಮೊಬೈಲು ಬಿಟ್ಟು ಬೋರ್ಡುಗಳನ್ನು ಓದುತ್ತಾ ಹೋಗಿ. ವಡಾಪಾವ್ ಅಂಗಡಿಯ ಮಾಳಿಗೆಯಲ್ಲಿ ಫಿಸಿಯೋಥೆರಪಿ ಕ್ಲಿನಿಕ್, ಎಸ್ಟೇಟ್ ಏಜೆಂಟರ ಪಕ್ಕದಲ್ಲಿ ಪೇನ್ ರಿಲೀಫ್ ಸೆಂಟರ್, ಜಿಮ್ಮಿನ ಮೆಟ್ಟಿಲ ಬುಡದಲ್ಲಿ ಸ್ಪೋರ್ಟ್ಸ್ ಮಸಾಜ್. ಬೋರ್ಡಿನ ತುಂಬ ಡೀಪ್ ಟಿಶ್ಯೂ, ಮಯೋಫೇಶಿಯಲ್ ರಿಲೀಸ್, ಕಪ್ಪಿಂಗ್, ಡ್ರೈ ನೀಡ್ಲಿಂಗ್ ಎಂಬ ಹೆಸರುಗಳು. ನವಿ ಮುಂಬಯಿಯನ್ನು ಕಟ್ಟಿದ ಸಿಡ್ಕೋ ಸಂಸ್ಥೆ 1970ರಲ್ಲಿ ಹುಟ್ಟಿದಾಗ ಇಲ್ಲಿದ್ದದ್ದು ಭತ್ತದ ಗದ್ದೆ, ಗುಡ್ಡ ಮತ್ತು ನಾಲ್ಕಾರು ಹಳ್ಳಿ. ಗದ್ದೆಯಲ್ಲಿ ಬಗ್ಗಿದವರ ಬೆನ್ನೂ ನೋಯುತ್ತಿತ್ತು. ಆದರೆ ಅದಕ್ಕೆ ಬೋರ್ಡು ಇರಲಿಲ್ಲ.

ಈಗಿನ ಬೆನ್ನುಗಳ ಕಥೆ ಬೇರೆ. ಇಲ್ಲಿಂದ ಸಿಎಸ್‌ಎಂಟಿಗೆ ಹಾರ್ಬರ್ ಲೈನಿನಲ್ಲಿ ಒಂದು ಗಂಟೆಗೂ ಮಿಕ್ಕಿದ ದಾರಿ. ಸೀಟು ಸಿಗದವರು ಒಂದು ಕೈ ಮೇಲಿನ ಹಿಡಿಗೆ ಕೊಟ್ಟು, ಇನ್ನೊಂದು ಕೈಯಲ್ಲಿ ಮೊಬೈಲು ಹಿಡಿದು, ಕತ್ತು ಬಗ್ಗಿಸಿಯೇ ನಗರ ತಲುಪುತ್ತಾರೆ. ಐರೋಲಿ, ಮಹಾಪೆಯ ಕಂಪ್ಯೂಟರ್ ಕೆಲಸದವರು ಎಂಟು ತಾಸು ಕುರ್ಚಿಗೆ ಅಂಟಿಕೊಂಡಿರುತ್ತಾರೆ. ನಮ್ಮ ಉಡುಪಿ ಹೋಟೆಲುಗಳ ಕಡೆ ನೋಡಿದರೆ, ಬೆಳಗಿನ ಜಾವದಿಂದ ದೋಸೆಕಲ್ಲಿನ ಮುಂದೆ ನಿಂತವರ ಬಲ ಭುಜ, ಗಲ್ಲೆಯಲ್ಲಿ ಕುಳಿತವರ ಸೊಂಟ. "ಕುತ್ತಿಗೆ ಹಿಡ್ಕೊಂಡಿದೆ ಮಾರಾಯ್ರೆ, ತಿರುಗಿಸ್ಲಿಕ್ಕೆ ಆಗುವುದಿಲ್ಲ" ಎಂಬ ಮಾತು ನವಿ ಮುಂಬಯಿಯ ಕನ್ನಡದ ಮನೆಗಳಲ್ಲಿ ಹವಾಮಾನದ ಸುದ್ದಿಯಷ್ಟೇ ಸಾಮಾನ್ಯ.

ಕ್ಲಿನಿಕ್ಕಿನ ಒಳಗೆ ನಡೆಯುವುದೇನು? ಒಳ್ಳೆಯ ಕಡೆ ಕೈ ಹಚ್ಚುವ ಮೊದಲು ಮಾತು ನಡೆಯುತ್ತದೆ. ನೋವು ಯಾವಾಗಿನಿಂದ, ರಾತ್ರಿ ಎಬ್ಬಿಸುತ್ತದೆಯೇ, ಕೈಕಾಲಿಗೆ ಜೋಮು ಇಳಿಯುತ್ತದೆಯೇ, ಕೆಲಸ ಏನು, ನಿದ್ದೆ ಹೇಗೆ. ಆಮೇಲೆ ಬಗ್ಗಿಸಿ, ತಿರುಗಿಸಿ, ಕೈ ಎತ್ತಿಸಿ ನೋಡುತ್ತಾರೆ. ಕತ್ತಿನಿಂದ ಭುಜಕ್ಕೆ ಇಳಿಯುವ ಟ್ರೆಪೀಜಿಯಸ್ ಸ್ನಾಯು, ಕುಂಡೆಯ ಆಳದಲ್ಲಿರುವ ಪಿರಿಫಾರ್ಮಿಸ್, ಮೀನಖಂಡ, ಹೀಗೆ ಬಿಗಿದ ಜಾಗ ಹುಡುಕಿ ಹೆಬ್ಬೆರಳಿನಿಂದಲೋ ಮೊಣಕೈಯಿಂದಲೋ ಒತ್ತಿ ಅರ್ಧ ನಿಮಿಷ, ಒಂದು ನಿಮಿಷ ಹಾಗೇ ಹಿಡಿಯುತ್ತಾರೆ. ಕೆಲವರು ಅಂಚು ನುಣುಪಾದ ಸ್ಟೀಲ್ ಪಟ್ಟಿಯಿಂದ ಚರ್ಮದ ಮೇಲೆ ಎಳೆಯುತ್ತಾರೆ. ಬಟ್ಟಲು ಕವುಚಿ ಚರ್ಮವನ್ನು ಹೀರಿಸುವ ಕಪ್ಪಿಂಗ್ ಕೇಳಿ ಬರುವವರೂ ಇದ್ದಾರೆ. 2016ರ ರಿಯೋ ಒಲಿಂಪಿಕ್ಸಿನಲ್ಲಿ ಈಜುಗಾರ ಮೈಕೆಲ್ ಫೆಲ್ಪ್ಸ್ ಭುಜದ ಮೇಲಿನ ಕೆಂಪು ವೃತ್ತಗಳನ್ನು ಲೋಕವೆಲ್ಲ ಟಿವಿಯಲ್ಲಿ ನೋಡಿತಲ್ಲ, ಅಂದಿನಿಂದ ಅದಕ್ಕೆ ಗಿರಾಕಿ ಹೆಚ್ಚು.

ಒತ್ತಿದಾಗ "ಅಯ್ಯೋ" ಎನ್ನಿಸುತ್ತದೆ, ಬಿಟ್ಟಾಗ ಹಾಯೆನಿಸುತ್ತದೆ. ಮೇಜಿನಿಂದ ಇಳಿದು ಕತ್ತು ತಿರುಗಿಸಿದರೆ ಹತ್ತು ನಿಮಿಷದ ಹಿಂದೆ ತಿರುಗದ ಕಡೆಗೆ ತಿರುಗುತ್ತದೆ. ಇದು ಭ್ರಮೆಯಲ್ಲ, ಕೋನಮಾಪಕ ಹಿಡಿದು ಅಳೆದರೂ ಸಿಗುವ ವ್ಯತ್ಯಾಸ. ನನ್ನ ತಕರಾರು ಇರುವುದು ಆ ಹೊತ್ತಿನಲ್ಲಿ ಹೇಳುವ ವಿವರಣೆಯ ಮೇಲೆ. "ಗಂಟು ಒಡೆದೆ, ಅಂಟಿಕೊಂಡಿದ್ದ ಪೊರೆ ಬಿಡಿಸಿದೆ, ಲ್ಯಾಕ್ಟಿಕ್ ಆಸಿಡ್ ಹೊರಗೆ ಹಾಕಿದೆ, ನೀರು ಚೆನ್ನಾಗಿ ಕುಡಿಯಿರಿ, ವಿಷ ಹೋಗುತ್ತದೆ." ಸ್ನಾಯು ಎಂದರೆ ಹೋಳಿಗೆಯ ಕಣಕ, ನಾದಿದಷ್ಟೂ ಮೆತ್ತಗಾಗುತ್ತದೆ ಎಂದು ನಾವೂ ನಂಬಿಬಿಡುತ್ತೇವೆ.

ಮೊದಲು ಈ ಲ್ಯಾಕ್ಟಿಕ್ ಆಸಿಡ್ಡಿನ ಕಥೆ ಮುಗಿಸೋಣ. ವ್ಯಾಯಾಮದಲ್ಲಿ ಹುಟ್ಟಿದ ಲ್ಯಾಕ್ಟೇಟನ್ನು ದೇಹ ತಾನಾಗಿಯೇ ಸುಮಾರು ಒಂದು ತಾಸಿನಲ್ಲಿ ಇಂಧನವಾಗಿ ಬಳಸಿ ಮುಗಿಸುತ್ತದೆ. ಭಾನುವಾರ ಖಾರಘರದ ಗುಡ್ಡ ಹತ್ತಿ ಇಳಿದವರ ತೊಡೆ ಸೋಮವಾರ, ಮಂಗಳವಾರ ನೋಯುವುದು ಸ್ನಾಯುವಿನ ಎಳೆಗಳಿಗೆ ಆದ ಸೂಕ್ಷ್ಮ ಗಾಯದಿಂದ. ಅಷ್ಟೊತ್ತಿಗೆ ತಿಕ್ಕಿ ಹೊರಹಾಕಲು ಅಲ್ಲಿ ಯಾವ ಆಸಿಡ್ಡೂ ಉಳಿದಿರುವುದಿಲ್ಲ.

ಫೇಶಿಯಾದ ವಿಷಯ ಇನ್ನೂ ಸ್ವಾರಸ್ಯಕರ. ಸ್ನಾಯುಗಳನ್ನು ಸುತ್ತಿಕೊಂಡಿರುವ ಈ ಬಿಳಿ ಪೊರೆಯನ್ನು ಕೈಯಿಂದ ಹಿಗ್ಗಿಸಿ ದೇಹದ ನಿಲುವನ್ನೇ ತಿದ್ದಬಹುದೆಂದು ಅಮೆರಿಕದ ಜೀವರಸಾಯನ ವಿಜ್ಞಾನಿ ಐಡಾ ರಾಲ್ಫ್ ನಂಬಿದ್ದರು. ಅವರ ಹೆಸರಿನ 'ರಾಲ್ಫಿಂಗ್' ಇಂದಿಗೂ ನಡೆಯುತ್ತಿದೆ. 2008ರಲ್ಲಿ ಚೌಧರಿ ಮತ್ತು ಸಂಗಡಿಗರು ಅಮೆರಿಕದ ಆಸ್ಟಿಯೋಪಥಿ ಪತ್ರಿಕೆಯೊಂದರಲ್ಲಿ ಇದರ ಗಣಿತ ಮಾಡಿ ತೋರಿಸಿದರು. ತೊಡೆಯ ಹೊರಬದಿಯ ಪೊರೆ, ಅಂಗಾಲಿನ ಪೊರೆ, ಇವುಗಳ ಆಕಾರ ಶೇ. 1ರಷ್ಟು ಬದಲಾಗಬೇಕಾದರೂ ಮನುಷ್ಯನ ಕೈಗೆ ಮೀರಿದ ಬಲ ಬೇಕು. ಮೂಗಿನ ಪೊರೆಯಂಥ ಮೆದು ಪೊರೆಯಾದರೆ ಬಗ್ಗೀತು. ಅಂಗಾಲಿನ ಪೊರೆ ನಮ್ಮ ಪೂರ್ತಿ ಮೈಭಾರವನ್ನು ದಿನವಿಡೀ ಹೊರುತ್ತದೆ. ಅದು ಒಂದು ಹೆಬ್ಬೆರಳಿಗೆ ಸೋಲುವುದಾದರೆ ನಾವು ಸ್ಟೇಶನ್ನಿನ ಮೆಟ್ಟಿಲು ಹತ್ತುವುದೇ ಕಷ್ಟವಿತ್ತು.

ಇನ್ನು ಟ್ರಿಗರ್ ಪಾಯಿಂಟ್. ಒತ್ತಿದರೆ ಬೇರೆಲ್ಲೋ ನೋವು ಹಾಯುವ ಆ ಗಂಟುಗಳಿಗೆ ನಕ್ಷೆ ಬರೆದವರು ಡಾ. ಜಾನೆಟ್ ಟ್ರಾವೆಲ್. 1961ರಲ್ಲಿ ಜಾನ್ ಎಫ್. ಕೆನಡಿಯವರ ವೈದ್ಯೆಯಾಗಿ ಶ್ವೇತಭವನಕ್ಕೆ ಹೋದವರು, ಅಮೆರಿಕದ ಅಧ್ಯಕ್ಷರೊಬ್ಬರ ವೈಯಕ್ತಿಕ ವೈದ್ಯರಾದ ಮೊದಲ ಮಹಿಳೆ. ಕೆನಡಿಯವರ ಬೆನ್ನುನೋವಿನ ಕಾಟ ಜಗತ್ತಿಗೇ ಗೊತ್ತು. 1983ರಲ್ಲಿ ಡೇವಿಡ್ ಸೈಮನ್ಸ್ ಜೊತೆ ಅವರು ತಂದ ದೊಡ್ಡ ಗ್ರಂಥದ ಚಿತ್ರಗಳು ಈಗಲೂ ಕ್ಲಿನಿಕ್ಕುಗಳ ಗೋಡೆಯ ಮೇಲಿವೆ. ಆದರೆ ಒಬ್ಬನೇ ರೋಗಿಯನ್ನು ಇಬ್ಬರು ಪರಿಣತರ ಕೈಗೆ ಕೊಟ್ಟರೆ ಗಂಟು ಎಲ್ಲಿದೆ ಎಂಬುದರಲ್ಲಿ ಅವರು ಒಮ್ಮತಕ್ಕೆ ಬರುವುದು ಕಡಿಮೆ. ನೋವು ನಿಜ, ಅದಕ್ಕೆ ಗಂಟೇ ಕಾರಣ ಎಂಬ ವಾದ ಮಾತ್ರ ಗಟ್ಟಿಯಿಲ್ಲ ಎಂದು ಆಸ್ಟ್ರೇಲಿಯದ ವೈದ್ಯರಾದ ಕ್ವಿಂಟ್‌ನರ್ ಮತ್ತು ಕೋಹೆನ್ 1994ರಿಂದಲೂ ಹೇಳುತ್ತ ಬಂದಿದ್ದಾರೆ.

ಹಾಗಿದ್ದರೆ ಹಾಯೆನಿಸುವುದು ಯಾಕೆ? ಉತ್ತರ ಸ್ನಾಯುವಿಗಿಂತ ಹೆಚ್ಚಾಗಿ ನರಗಳಲ್ಲಿದೆ. ಮೊಣಕಾಲು ಮೇಜಿಗೆ ಬಡಿದರೆ ಯಾರೂ ಹೇಳಿಕೊಡದೆಯೇ ನಾವು ಆ ಜಾಗವನ್ನು ಉಜ್ಜಿಕೊಳ್ಳುತ್ತೇವೆ. ಸ್ಪರ್ಶ ಮತ್ತು ಒತ್ತಡದ ಸುದ್ದಿ ತರುವ ದಪ್ಪ ನರತಂತುಗಳು ಬೆನ್ನುಹುರಿಯಲ್ಲಿ ನೋವಿನ ಸುದ್ದಿಯನ್ನು ತಡೆಹಿಡಿಯುತ್ತವೆ ಎಂದು ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ 1965ರಲ್ಲಿ ಸೂಚಿಸಿದರು. ವಿವರಗಳು ಆಮೇಲೆ ತಿದ್ದುಪಡಿಯಾದವು, ಮೂಲ ಹೊಳಹು ನಿಂತಿತು. ಮೆಲ್ಲನೆ ಸವರಿದಾಗ ಮಾತ್ರ ಎಚ್ಚೆತ್ತುಕೊಳ್ಳುವ ತೆಳು ತಂತುಗಳೂ ಚರ್ಮದಲ್ಲಿವೆ. ಸೆಕೆಂಡಿಗೆ ಒಂದರಿಂದ ಹತ್ತು ಸೆಂಟಿಮೀಟರ್ ವೇಗ ಅವಕ್ಕೆ ಇಷ್ಟ. ಮಗುವಿನ ಬೆನ್ನು ತಟ್ಟಿ ಸವರುವ ಅಜ್ಜಿಯ ಕೈ ಹೆಚ್ಚುಕಡಿಮೆ ಅದೇ ವೇಗದಲ್ಲಿ ಸಾಗುತ್ತದೆ. ಒಟ್ಟಿನಲ್ಲಿ ಅಪಾಯವಿಲ್ಲ ಎಂದು ನರಮಂಡಲಕ್ಕೆ ಸ್ವಲ್ಪ ಹೊತ್ತು ಮನವರಿಕೆಯಾಗುತ್ತದೆ. ಆಗ ಬಿಗಿ ಸಡಿಲುತ್ತದೆ, ಎಳೆತವನ್ನು ತಾಳುವ ಶಕ್ತಿ ಹೆಚ್ಚುತ್ತದೆ. ಸ್ನಾಯು ಉದ್ದವಾದದ್ದಲ್ಲ.

ಮುಂಬಯಿಯ ಇನ್ನೊಂದು ಮನೆಮದ್ದೂ ಇದೇ ದಾರಿಯದು. ಕಾಶೀನಾಥುನಿ ನಾಗೇಶ್ವರರಾವ್ 1893ರಲ್ಲಿ ಅಮೃತಾಂಜನ ಶುರುಮಾಡಿದ್ದು ಈ ಊರಿನಲ್ಲೇ. ಬಾಮಿನ ಮೆಂಥಾಲ್ ಚರ್ಮದ ಶೀತಗ್ರಾಹಕಗಳನ್ನು ತಟ್ಟುತ್ತದೆ, ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಉಷ್ಣಗ್ರಾಹಕವನ್ನು. ಈ ಗ್ರಾಹಕಗಳನ್ನೂ ಒತ್ತಡದ ಗ್ರಾಹಕಗಳನ್ನೂ ಪತ್ತೆಮಾಡಿದ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಅವರಿಗೆ 2021ರ ನೊಬೆಲ್ ಬಂತು. ತಲೆಗೆ ಬಾಮು ಹಚ್ಚಿ ತಿಕ್ಕುವ ಅಮ್ಮಂದಿರು ಶೀತದ, ಒತ್ತಡದ ಎರಡೂ ಗ್ರಾಹಕಗಳನ್ನು ಒಟ್ಟಿಗೇ ಕೆಲಸಕ್ಕೆ ಹಚ್ಚುತ್ತಿದ್ದರು.

ಮೈ ನೀವುವುದು ನಮಗೆ ಬೋರ್ಡು ನೋಡಿ ಬಂದ ವಿದ್ಯೆಯಲ್ಲ. ಬಾಣಂತಿಗೆ ಎಣ್ಣೆ ಹಚ್ಚಿ ನೀವಿ ಬಿಸಿನೀರು ಹೊಯ್ಯುವವರು ಪ್ರತಿ ಊರಿನಲ್ಲೂ ಇದ್ದರು. ಮೈಸೂರಿನ ಗರಡಿಮನೆಗಳಲ್ಲಿ ಸಾಮು ಮುಗಿದ ಮೇಲೆ ಮಾಲೀಸು ಇದ್ದೇ ಇತ್ತು. ಉಳುಕು ತೆಗೆಯುವವರ ಮನೆ ಎಲ್ಲಿದೆಯೆಂದು ಹಳ್ಳಿಯಲ್ಲಿ ಮಕ್ಕಳೂ ಹೇಳುತ್ತಿದ್ದರು. ಮುಂಬಯಿಗೆ ಬಂದರೆ ಗಿರ್ಗಾಂವ್ ಚೌಪಾಟಿಯಲ್ಲಿ ಬಣ್ಣಬಣ್ಣದ ಎಣ್ಣೆ ಬಾಟಲಿ ಹಿಡಿದ ಮಾಲಿಶ್‌ವಾಲಾಗಳು. ಇಂಥ ಮಾಲಿಶ್‌ವಾಲಾಗಳನ್ನು ಅಮರಗೊಳಿಸಿದ್ದು 1957ರ 'ಪ್ಯಾಸಾ' ಚಿತ್ರದ ಜಾನಿ ವಾಕರ್, ಆ ಚಿತ್ರ ಮಾಡಿದ ಗುರುದತ್ ಪಡುಕೋಣೆ ಬೆಂಗಳೂರಿನಲ್ಲಿ ಹುಟ್ಟಿದವರು. ಅಂದಹಾಗೆ, ಸ್ಪಾಗಳಲ್ಲಿ 'ಸ್ವೀಡಿಶ್' ಎಂದು ಮಾರುವ ಮಸಾಜಿನ ನೀವುವ, ನಾದುವ, ತಟ್ಟುವ ವರಸೆಗಳನ್ನು ಕ್ರಮಕ್ಕೆ ತಂದದ್ದು ಆಮ್‌ಸ್ಟರ್ಡ್ಯಾಮಿನ ಡಚ್ ವೈದ್ಯ ಯೋಹಾನ್ ಮೆಟ್ಜ್‌ಗರ್. ಹೆಸರು ಮಾತ್ರ ಸ್ವೀಡನ್ನಿಗೆ ಹೋಯಿತು.

ಕೈಯಿಂದ ನೋವು ಇಳಿಸುವ ಈ ವಿದ್ಯೆಗೆ ಶಾಸ್ತ್ರೀಯ ಶಿಕ್ಷಣದ ಚೌಕಟ್ಟು ಭಾರತದಲ್ಲಿ ಸಿಕ್ಕಿದ್ದೂ ಮುಂಬಯಿಯಲ್ಲೇ. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ 1953ರಲ್ಲಿ ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ ದೇಶದ ಮೊದಲ ಫಿಸಿಯೋಥೆರಪಿ ಶಾಲೆ ತೆರೆಯಿತು. ಆಗಿನ ದೊಡ್ಡ ಚಿಂತೆ ಪೋಲಿಯೋ. ಮಹಾರಾಷ್ಟ್ರದಲ್ಲಿ ಆಕ್ಯುಪೇಶನಲ್ ಥೆರಪಿ ಮತ್ತು ಫಿಸಿಯೋಥೆರಪಿ ಮಂಡಳಿಯ ಕಾನೂನು 2002ರದು, ಇಡೀ ದೇಶಕ್ಕೆ ಅನ್ವಯಿಸುವ ಆರೋಗ್ಯಸೇವಾ ವೃತ್ತಿಗಳ ಆಯೋಗದ ಕಾನೂನು 2021ರದು. ಅಂದರೆ ನಾಲ್ಕು ವರ್ಷಕ್ಕೂ ಮೀರಿ ಓದಿದ ಫಿಸಿಯೋಥೆರಪಿಸ್ಟ್‌ಗೆ ನೋಂದಣಿ ಸಂಖ್ಯೆ ಇರುತ್ತದೆ. ಕೇಳಿದರೆ ತೋರಿಸಬೇಕು, ಕೇಳಲು ಸಂಕೋಚ ಬೇಡ. ವಾರಾಂತ್ಯದ ಕೋರ್ಸು ಮಾಡಿ ಗೋಡೆಗೆ ಸರ್ಟಿಫಿಕೇಟು ಹೊಡೆದವರಿಗೂ ಇವರಿಗೂ ಬೋರ್ಡಿನಲ್ಲಿ ವ್ಯತ್ಯಾಸ ಕಾಣುವುದಿಲ್ಲ.

ವ್ಯತ್ಯಾಸ ಕಾಣುವುದು ಎಡವಟ್ಟಾದಾಗ. 2024ರಲ್ಲಿ ಬಳ್ಳಾರಿಯ ಮೂವತ್ತರ ಯುವಕನೊಬ್ಬನ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಕ್ಷೌರದಂಗಡಿಯಲ್ಲಿ ಪುಕ್ಕಟೆ ತಲೆ ಮಾಲೀಸು, ಕೊನೆಗೆ ರೂಢಿಯಂತೆ ಕತ್ತು ಲಟಕ್ಕನೆ ತಿರುವು. ಕತ್ತಿನ ರಕ್ತನಾಳದ ಒಳಗೋಡೆ ಹರಿದು, ಮಿದುಳಿಗೆ ರಕ್ತ ಕಡಿಮೆಯಾಗಿ ಪಾರ್ಶ್ವವಾಯು ಬಡಿದಿತ್ತು. ಇಂಥದ್ದು ಅಪರೂಪ ನಿಜ. ಆದರೆ ಆ ಲಟಕ್ ಸದ್ದಿನಿಂದ ಯಾವ ಲಾಭವೂ ಇಲ್ಲದಿರುವಾಗ ಅಪರೂಪದ ಅಪಾಯವನ್ನಾದರೂ ಯಾಕೆ ಹೊರಬೇಕು? ಹಾಗೆಯೇ, ಊರಿಗೆ ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಬಂದ ಮೇಲೆ ಒಂದೇ ಮೀನಖಂಡ ಬಾತು, ಬಿಸಿಯಾಗಿ ನೋಯುತ್ತಿದ್ದರೆ ತಿಕ್ಕಿಸಬಾರದು. ರಕ್ತ ಹೆಪ್ಪುಗಟ್ಟಿರಬಹುದು, ಹೆಪ್ಪು ಕದಲಿದರೆ ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ಬೆನ್ನುನೋವಿನ ಜೊತೆ ಮೂತ್ರದ ಹಿಡಿತ ತಪ್ಪಿದರೆ, ಜ್ವರವಿದ್ದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ, ಎಡಭುಜದ ನೋವು ಎದೆಯ ಒತ್ತಡದೊಂದಿಗೆ ಬಂದರೆ ಮೊದಲು ವೈದ್ಯರ ಬಳಿಗೆ ಹೋಗಬೇಕು.

ಹೆಚ್ಚು ಒತ್ತಿದಷ್ಟೂ ಹೆಚ್ಚು ಗುಣ ಎನ್ನುವವರಿಗೆ ಖಾರಘರದಲ್ಲೇ ಒಂದು ಉತ್ತರವಿದೆ. ಟಾಟಾ ಸ್ಮಾರಕ ಕೇಂದ್ರದ ಕ್ಯಾನ್ಸರ್ ಸಂಸ್ಥೆ ಆಕ್ಟ್ರೆಕ್ ಇರುವುದು ಇದೇ ಊರಿನಲ್ಲಿ. ಚಿಕಿತ್ಸೆಗೆಂದು ದೂರದೂರದಿಂದ ಬಂದ ಕುಟುಂಬಗಳು ಸುತ್ತಲಿನ ಸೆಕ್ಟರುಗಳಲ್ಲಿ ಕೋಣೆ ಹಿಡಿದು ಉಳಿಯುತ್ತವೆ. ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಲ್ಲಿ ಕಂಕುಳಿನ ದುಗ್ಧಗ್ರಂಥಿ ತೆಗೆದ ಮೇಲೆ ಕೆಲವರಿಗೆ ತೋಳಿನಲ್ಲಿ ಬಾವು ಬರುತ್ತದೆ. ಅದಕ್ಕೆ ಮಾಡುವ ಮ್ಯಾನುಯಲ್ ಲಿಂಫ್ ಡ್ರೈನೇಜನ್ನು 1930ರ ದಶಕದಲ್ಲಿ ರೂಪಿಸಿದವರು ಡೆನ್ಮಾರ್ಕಿನ ಎಮಿಲ್ ಫೊಡರ್. ಇಲ್ಲಿ ಬೆರಳು ಚರ್ಮವನ್ನು ಮೃದುವಾಗಿ ಎಳೆಯುತ್ತದೆ ಅಷ್ಟೆ. ಯಾಕೆಂದರೆ ದುಗ್ಧನಾಳಗಳು ಚರ್ಮದ ಕೆಳಗೇ ಇವೆ, ಜೋರು ಮಾಡಿದರೆ ಕೆಡುತ್ತದೆ. ಮೇಲೆ ಒತ್ತುಪಟ್ಟಿ ಕಟ್ಟಿ, ತೋಳಿಗೆ ವ್ಯಾಯಾಮ ಕೊಟ್ಟರೇ ಬಾವು ಇಳಿಯುವುದು.

ಮೂರು ತಿಂಗಳು ಮೀರಿದ ನೋವನ್ನು ವೈದ್ಯಶಾಸ್ತ್ರ ದೀರ್ಘಕಾಲದ್ದು ಎನ್ನುತ್ತದೆ. ಅಲ್ಲಿ ಅಂಗಾಂಶದ ಗಾಯ ಮಾಗಿದ್ದರೂ ನರಮಂಡಲ ಎಚ್ಚರಿಕೆ ಕೂಗುವುದನ್ನು ಬಿಟ್ಟಿರುವುದಿಲ್ಲ. ನಿದ್ದೆಗೇಡು, ಸಾಲದ ಚಿಂತೆ, ಆಫೀಸಿನ ಕಿರಿಕಿರಿ ಎಲ್ಲವೂ ಆ ಕೂಗಿಗೆ ದನಿ ಸೇರಿಸುತ್ತವೆ. 2020ರಲ್ಲಿ ಜಗತ್ತಿನಲ್ಲಿ ಸುಮಾರು 61.9 ಕೋಟಿ ಜನರಿಗೆ ಸೊಂಟನೋವು ಇತ್ತು. ಅದಕ್ಕೆ ಮಸಾಜ್ ಎಷ್ಟು ಪ್ರಯೋಜನ ಎಂದು ಕಾಕ್ರೇನ್ ಸಂಸ್ಥೆ 2015ರಲ್ಲಿ 25 ಪ್ರಯೋಗಗಳನ್ನು ಜೋಡಿಸಿ ನೋಡಿತು. ಸ್ವಲ್ಪ ಕಾಲದ ಮಟ್ಟಿಗೆ ನೋವು ಇಳಿಯುತ್ತದೆ, ತಿಂಗಳುಗಳ ಮೇಲೆ ನೋಡಿದರೆ ಲಾಭ ಕಾಣುವುದು ಕಷ್ಟ, ಆಧಾರಗಳೂ ದುರ್ಬಲ ಎಂಬುದು ಅದರ ಸಾರ. 2023ರ ಡಿಸೆಂಬರಿನಲ್ಲಿ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಮಸಾಜನ್ನು ಪಟ್ಟಿಯಲ್ಲಿ ಇಟ್ಟಿದೆ. ವ್ಯಾಯಾಮ, ತಿಳಿವಳಿಕೆ, ಮನಸ್ಸಿನ ಚಿಕಿತ್ಸೆಗಳ ಜೊತೆಗೆ ಇಟ್ಟಿದೆ ಎಂಬುದನ್ನು ಮರೆಯಬಾರದು.

ಆದ್ದರಿಂದ ಕೈಗೆ ಹಣ ಕೊಡಿ, ಕಥೆಗೆ ಕೊಡಬೇಡಿ ಎನ್ನುತ್ತೇನೆ ನಾನು. ನೋವು ಇಳಿದ ಆ ಒಂದೆರಡು ದಿನ ಬಹಳ ಬೆಲೆಯುಳ್ಳವು. ಹೆದರಿ ನಿಲ್ಲಿಸಿದ್ದ ಚಲನೆಯನ್ನು ಮತ್ತೆ ಶುರುಮಾಡಲು ಸಿಗುವ ಸಂದು ಅದೇ. ಆ ಸಂದಿನಲ್ಲಿ ರಬ್ಬರ್ ಬ್ಯಾಂಡ್ ಎಳೆಸಿ, ಸ್ವಲ್ಪ ಭಾರ ಎತ್ತಿಸಿ, ಸೆಂಟ್ರಲ್ ಪಾರ್ಕಿನಲ್ಲಿ ನಡೆಯಲು ಕಳಿಸುವವರು ಒಳ್ಳೆಯ ಥೆರಪಿಸ್ಟು. ಹತ್ತು ಸೆಷನ್ನಿನ ಪ್ಯಾಕೇಜು ಮುಗಿದ ಕೂಡಲೇ ಇನ್ನೊಂದು ಹತ್ತರ ರಸೀದಿ ಹರಿಯುವವರ ಬಗ್ಗೆ ನನಗೆ ಗುಮಾನಿ. ಮೊದಲ ದಿನವೇ "ಎಷ್ಟು ಸಲ ಬರಬೇಕು, ಗುಣವಾಗುತ್ತಿದೆ ಎಂದು ಹೇಗೆ ಗೊತ್ತಾಗುತ್ತದೆ" ಎಂದು ಕೇಳಿ ನೋಡಿ, ಉತ್ತರದಲ್ಲೇ ಮನುಷ್ಯ ತಿಳಿಯುತ್ತಾನೆ.

ಕ್ಲಿನಿಕ್ಕಿನ ಮೇಜಿನ ಮೇಲೆ ಮಲಗಲು ಬಾರದವರೂ ಇದ್ದಾರೆ. ವಾಶಿಯ ಎಪಿಎಂಸಿ ಮಾರುಕಟ್ಟೆಯಲ್ಲಿ ಈರುಳ್ಳಿ ಮೂಟೆ ಹೊರುವ ಮಾಥಾಡಿಗಳು, ಈ ಊರಿನ ಗೋಪುರಗಳಿಗೆ ಕಲ್ಲು ಸಿಮೆಂಟು ಹೊತ್ತ ಕಲಬುರಗಿ, ವಿಜಯಪುರದ ಕೂಲಿಗಳು. ನಡ ಹಿಡಿದರೆ ಒಂದು ಗುಳಿಗೆ ನುಂಗಿ ಮರುದಿನ ಮತ್ತೆ ಮೂಟೆ. ಅವರಿಗೆ ವ್ಯಾಯಾಮ ಹೇಳಿಕೊಡುವುದು ತಮಾಷೆಯಾದೀತು. ಮೂಟೆಯ ತೂಕ ಇಳಿಸುವುದು, ತಳ್ಳುಗಾಡಿ ಕೊಡುವುದು, ನಡುವೆ ಕೂರಲು ಬಿಡುವುದು ಚಿಕಿತ್ಸೆ. ಮನೆಯಲ್ಲೂ ಅಷ್ಟೇ. ಫ್ಲ್ಯಾಟಿನ ಅಡುಗೆಕಟ್ಟೆಯನ್ನು ಬಿಲ್ಡರ್ ಎಲ್ಲರಿಗೂ ಒಂದೇ ಎತ್ತರಕ್ಕೆ ಕಟ್ಟಿರುತ್ತಾನೆ. ಚಪಾತಿ ಲಟ್ಟಿಸುವವರು ಕುಳ್ಳಗಿದ್ದರೆ ಇಡೀ ಹೊತ್ತು ಭುಜ ಕಿವಿಯ ಹತ್ತಿರ ಏರಿರುತ್ತದೆ. ಕಾಲ ಕೆಳಗೆ ಒಂದು ಗಟ್ಟಿ ಹಲಗೆ ಹಾಕಿ ನೋಡಿ. ಎತ್ತರದವರಾದರೆ ಮಣೆಯ ಕೆಳಗೆ ಇನ್ನೊಂದು ಮಣೆ ಇಡಿ, ಅಥವಾ ಹಿಟ್ಟು ಲಟ್ಟಿಸುವ ಕೆಲಸವನ್ನು ಮನೆಯ ಗಂಡಸರಿಗೆ ಹಂಚಿ.