ಹೊಸದೇ ಇಲ್ಲದ ಅಜ್ಜ

ಟಿವಿ ಹಾಕಿದ್ರೆ, "ಇದನ್ನ ಆಗಲೇ ನೋಡಾಯ್ತು." ಇವತ್ತಿನ ಪೇಪರ್ ಕೊಟ್ರೆ, "ಓದಾಯ್ತು." ವಾಕಿಂಗ್ ಹೋದ್ರೆ, ಅದೇ ಮರದ ಮೇಲೆ ಅದೇ ಹಕ್ಕಿ, ಅದೇ ಹಾಡು ಅಂತ ಗೊಣಗಾಟ.

ಇಂಗ್ಲೆಂಡಿನ 80 ವರ್ಷದ ಒಬ್ಬ ಅಜ್ಜನ ಕತೆ ಇದು. ನೆನಪಿನ ತೊಂದರೆಗೆ ಕ್ಲಿನಿಕ್‌ಗೆ ಹೋಗಿ ಅಂದ್ರೆ, "ಆಗಲೇ ಹೋಗಿಬಂದೆನಲ್ಲ!" ಅಂದ್ರಂತೆ. ಹೋಗೇ ಇರಲಿಲ್ಲ. ಸರಿ, ಟಿವೀಲಿ ಮುಂದೇನಾಗುತ್ತೆ ಹೇಳಿ ಅಂತ ಹೆಂಡತಿ ಕೇಳಿದ್ರೆ, "ನಂಗೇನ್ ಗೊತ್ತು? ನಂಗೆ ಮರೆವಿನ ಕಾಯಿಲೆ!"

ಇವರನ್ನ ಅಧ್ಯಯನ ಮಾಡಿದ್ದು ನರಮನೋವಿಜ್ಞಾನಿ ಕ್ರಿಸ್ ಮೂಲಿನ್ ತಂಡ. ವರದಿ ಬಂದಿದ್ದು 2005ರಲ್ಲಿ.

'ಇಲ್ಲಿಗೆ ಮೊದಲೇ ಬಂದಿದ್ದೆ' ಅನ್ನೋ ಡೆಜಾ ವೂ ನಮಗೂ ಆಗುತ್ತೆ. ಆದ್ರೆ ಮರುಕ್ಷಣವೇ 'ಛೇ, ಸಾಧ್ಯವಿಲ್ಲ' ಅಂತ ಮಿದುಳು ತಿದ್ದುತ್ತೆ. ಅಜ್ಜನಿಗೆ ಆ ತಿದ್ದುಪಡಿ ಇರಲಿಲ್ಲ. ಅದಕ್ಕೇ ಪೂರ್ತಿ ನಂಬಿದ್ರು, ಕಾರಣಾನೂ ಕಟ್ಟಿ ಹೇಳ್ತಿದ್ರು.

ಉಲ್ಟಾನೂ ಆಗುತ್ತೆ: ಗೊತ್ತಿರೋದೇ ಅಪರಿಚಿತ! ಇದನ್ನ ಪರೀಕ್ಷಿಸೋಕೆ ಒಂದೇ ಪದವನ್ನ ಪದೇ ಪದೇ ಬರೆಸಿದ ಪ್ರಯೋಗಕ್ಕಾಗಿ ಮೂಲಿನ್ ತಂಡಕ್ಕೆ 2023ರಲ್ಲಿ ಇಗ್ ನೊಬೆಲ್ ಬಂತು. ನಗಿಸಿ, ಆಮೇಲೆ ಯೋಚನೆಗೆ ಹಚ್ಚೋ ಸಂಶೋಧನೆಗೆ ಕೊಡೋ ಬಹುಮಾನ ಅದು.

ಪೆನ್ ಇದೆಯಾ? 'ಬಾಗಿಲು' ಅಂತ 30 ಸಲ ಬರೀರಿ. ಎಷ್ಟನೇ ಸಲಕ್ಕೆ ಕಾಗುಣಿತದ ಮೇಲೇ ಅನುಮಾನ ಬಂತು, ಕಾಮೆಂಟ್ ಹಾಕಿ.